ಪದಚರ್ಚೆ: ಮನೆ ಬೆಚ್ಚಗಿಡುವ ಎಣ್ಣೆಗೆ ಹೆಸರೇನು? ಒಸರು, ಜಿನುಗು, ಸೋರು ನಿಮ್ಮ ಕಡೆ ಬೇರೆ ಬೇರೆನಾ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಇಲ್ಲಿ, ಅದಕ್ಕಿಂತ ಜಾಸ್ತಿ ಮೇಲಿನ ಮೇನ್ ರಾಜ್ಯದಲ್ಲಿ, ಚಳಿಗಾಲಕ್ಕೆ ಎಣ್ಣೆ ಉರಿಸಿ ಬೆಚ್ಚಗಿರುವ ಮನೆಗಳು ಇವತ್ತಿಗೂ ತುಂಬ ಇವೆ. ನೆಲಮಾಳಿಗೆಯ ಮೂಲೆಯಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಒಂದು ಉಕ್ಕಿನ ಟ್ಯಾಂಕು. ಮಾಮೂಲಿ ಅಳತೆ 275 ಗ್ಯಾಲನ್, ಅಂದರೆ ಸುಮಾರು 1040 ಲೀಟರ್. ಊರಿಂದ ಬಂದ ಅಪ್ಪ-ಅಮ್ಮಂದಿರು ಹಗಲಿಡೀ ಇಬ್ಬರೇ ಮನೆಯಲ್ಲಿರುತ್ತಾರಲ್ಲ, ಅವರಿಗೆ ಅಂತ ಟ್ಯಾಂಕಿನ ಪಕ್ಕ ಗೋಡೆಗೆ ಅಂಟಿಸುವಂಥ ಒಂದು ಹಾಳೆ ಬರೆಯುತ್ತಿದ್ದೇನೆ. ಏನಾದರೂ ಎಡವಟ್ಟಾದರೆ ಅವರು ಫೋನಿನಲ್ಲಿ ಸರಿಯಾಗಿ ಹೇಳಬೇಕು, ನಮಗೆ ಸರಿಯಾಗಿ ಅರ್ಥ ಆಗಬೇಕು. ಅದಕ್ಕೇ ಈ ಪತ್ರ.

ಮೊದಲು ಎಣ್ಣೆಯ ಹೆಸರು. 'ಬಿಸಿ ಎಣ್ಣೆ' ಅಂದರೆ ಬೋಂಡ ಕರಿಯುವುದು ನೆನಪಾಗುತ್ತದೆ. 'ಕಾಯಿಸುವ ಎಣ್ಣೆ' ಅಂದರೆ ಎಣ್ಣೆ ಮನೆಯನ್ನು ಕಾಯಿಸುತ್ತದೋ, ಎಣ್ಣೆಯನ್ನೇ ಯಾರೋ ಕಾಯಿಸುತ್ತಾರೋ? 'ಓದುವ ಹುಡುಗ', 'ಓದುವ ಪುಸ್ತಕ' ಎರಡೂ ಸರಿಯಾಗಿರುವ ಭಾಷೆ ನಮ್ಮದು, ಇಲ್ಲೂ ಎರಡೂ ಆಗುತ್ತದೆ. ಬರೀ 'ಎಣ್ಣೆ ಹಾಕಿಸಬೇಕು' ಅಂತ ಬರೆದರೆ ಯಾರು ಯಾಕೆ ನಗುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. 'ಸೀಮೆಎಣ್ಣೆ' ಅಂತೂ ಬೇಡವೇ ಬೇಡ. ಇದು ಡೀಸೆಲ್ ಜಾತಿಯದು. ಸೀಮೆಎಣ್ಣೆ ಇದಕ್ಕಿಂತ ತೆಳು, ಇಲ್ಲಿ ಅದನ್ನು ಬೇರೆಯಾಗಿಯೇ ಮಾರುತ್ತಾರೆ. ಟ್ಯಾಂಕನ್ನು ಮನೆ ಹೊರಗೆ ಇಟ್ಟವರು, ಕೆಟ್ಟ ಚಳಿಗೆ ಎಣ್ಣೆ ಗಟ್ಟಿಯಾಗದಿರಲಿ ಅಂತ, ಅದನ್ನು ಬೆರೆಸಿಕೊಳ್ಳುವುದೂ ಉಂಟು. ಎರಡಕ್ಕೂ ಒಂದೇ ಹೆಸರಿಟ್ಟರೆ ಕೆಟ್ಟಿತು.

ನನಗೆ ಒಗ್ಗಿರುವುದು 'ಉರುವಲೆಣ್ಣೆ'. ಉರುವಲು ಅಂದರೆ ಸೌದೆಯೊಂದೇ ಅಲ್ಲ, ಗರಿ, ಬೆರಣಿ, ಇದ್ದಿಲು, ಒಲೆಗೆ ಹೋಗುವುದೆಲ್ಲ ಉರುವಲೇ. ಗೆಳೆಯರೊಬ್ಬರು 'ಕೆಂಪೆಣ್ಣೆ' ಅಂದರು. ಅದಕ್ಕೂ ಆಧಾರ ಇದೆ. ರಸ್ತೆಯಲ್ಲಿ ಓಡುವ ಗಾಡಿಯ ಡೀಸೆಲ್‌ಗೆ ಇಲ್ಲಿ ಒಂದು ತೆರಿಗೆ ಇದೆ, ಮನೆಗೆ ಉರಿಸುವುದಕ್ಕೆ ಅದಿಲ್ಲ. ಯಾರಾದರೂ ಇದನ್ನೇ ಲಾರಿಗೆ ಸುರಿದುಕೊಂಡರೆ ಸಿಕ್ಕಿಬೀಳಲಿ ಅಂತ ಕೆಂಪು ಬಣ್ಣ ಹಾಕಿರುತ್ತಾರೆ. ನಮ್ಮ ರೇಷನ್ ಅಂಗಡಿಯ ಸೀಮೆಎಣ್ಣೆ ನೀಲಿ ಇರುತ್ತಿತ್ತಲ್ಲ, ಅದೂ ಇಂಥದೇ ಲೆಕ್ಕಾಚಾರ. ಹಾಳೆಯ ಮೇಲೆ 'ಉರುವಲೆಣ್ಣೆ', ಮಾತಿನಲ್ಲಿ 'ಕೆಂಪೆಣ್ಣೆ' ಅಂತ ಎರಡನ್ನೂ ಇಟ್ಟುಕೊಂಡರೆ ತಪ್ಪಾ?

ಈಗ ನಿಜವಾಗಿ ತಲೆ ತಿನ್ನುತ್ತಿರುವ ಪ್ರಶ್ನೆ. ಈ ಟ್ಯಾಂಕು ಹೆಚ್ಚಾಗಿ ಒಳಗಿನಿಂದಲೇ ಹಾಳಾಗುತ್ತದೆ. ಒಳಗಿನ ಖಾಲಿ ಜಾಗದ ತೇವ ಗೋಡೆಗೆ ಕೂತು ನೀರಾಗುತ್ತದೆ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಹೊರಗಿನ ಬಣ್ಣ ಹೊಸದರ ಹಾಗೇ ಇರುತ್ತದೆ, ಒಳಗೆ ತುಕ್ಕು ಸುಮ್ನೆ ತಿನ್ನುತ್ತಾ ಹೋಗುತ್ತದೆ. ಕೊನೆಗೆ ಹೊಟ್ಟೆಯ ಅಡಿಯಲ್ಲಿ ಸೂಜಿಮೊನೆಯಷ್ಟು ತೂತು. ಆಗ ಮೊದಲು ಕಾಣುವುದು ಹನಿ ಅಲ್ಲ, ನಾಣ್ಯದಷ್ಟು ಅಗಲದ ಕಪ್ಪು ಪಸೆ. ಅದು ಗೋಡೆಯ ತೇವದ ನೀರೋ ಎಣ್ಣೆಯೋ ಅಂತ ನೋಡಲು ಬಿಳಿ ಕಾಗದದ ಟವೆಲ್ ಒತ್ತಬೇಕು. ಎಣ್ಣೆಯಾದರೆ ತಿಳಿ ಗುಲಾಬಿ ಬಣ್ಣ ಹತ್ತುತ್ತದೆ, ಕೈಗೆ ಜಿಡ್ಡು, ಮೂಗಿಗೆ ಡೀಸೆಲ್ ವಾಸನೆ.

ಈ ಪಸೆಗೆ ನಾನು 'ಒಸರುವುದು' ಅಂತ ಬರೆದಿದ್ದೇನೆ. ಗಾಯ ಒಸರುತ್ತದೆ, ಹೊಸ ಮಡಕೆ ಒಸರುತ್ತದೆ. ಒದ್ದೆ ಕಾಣುತ್ತದೆ, ಹನಿ ಬೀಳುವುದಿಲ್ಲ. ಹನಿ ಹನಿಯಾಗಿ ನೆಲಕ್ಕೆ ಬಿದ್ದರೆ 'ತೊಟ್ಟಿಕ್ಕುವುದು'. ಎಡೆಬಿಡದೆ ಸಣ್ಣಗೆ ಇಳಿದರೆ 'ಜಿನುಗುವುದು'. 'ಸೋರುವುದು' ಎಲ್ಲಕ್ಕೂ ನಡೆಯುತ್ತದೆ, ಮಾಡೂ ಸೋರುತ್ತದೆ, ನಲ್ಲಿಯೂ ಸೋರುತ್ತದೆ. ಅದಕ್ಕೇ ಆ ಪದ ಹಾಳೆಯಲ್ಲಿ ಬೇಡ ಅನಿಸಿದೆ. 'ಸೋರ್ತಾ ಇದೆ' ಅಂದರೆ ಕೇಳಿದವರಿಗೆ ಎಷ್ಟು ಗಾಬರಿಯಾಗಬೇಕು ಅಂತ ಗೊತ್ತಾಗುವುದಿಲ್ಲ.

ಇದು ಬರೀ ಪದದ ಮೇಲಿನ ಮೋಹ ಅಲ್ಲ. ಒಸರುತ್ತಿದ್ದರೆ ಅದೇ ದಿನ ಎಣ್ಣೆ ಕಂಪನಿಗೆ ಫೋನು ಮಾಡಿದರೆ ಸಾಕು. ತೊಟ್ಟಿಕ್ಕುತ್ತಿದ್ದರೆ ಮೊದಲು ಕೆಳಗೆ ಅಗಲದ ಪಾತ್ರೆ ಇಡಬೇಕು, ಆಮೇಲೆ ಫೋನು. ಸುರಿಯುತ್ತಿದ್ದರೆ ಅಗ್ನಿಶಾಮಕ ದಳವನ್ನೇ ಕರೆಯಬೇಕು. ಈ ರಾಜ್ಯದಲ್ಲಿ 10 ಗ್ಯಾಲನ್ ಇಲ್ಲವೇ ಅದಕ್ಕಿಂತ ಜಾಸ್ತಿ ಚೆಲ್ಲಿದರೆ 2 ಗಂಟೆಯೊಳಗೆ ಪರಿಸರ ಇಲಾಖೆಗೆ ತಿಳಿಸಬೇಕು ಅನ್ನುವ ನಿಯಮ ಇದೆ. ಎಣ್ಣೆ ನೆಲದ ಬಿರುಕಿನಿಂದ ಮಣ್ಣಿಗೆ ಇಳಿದರೆ ಮಣ್ಣು ತೆಗೆಸುವ ಖರ್ಚು ಹೊಸ ಟ್ಯಾಂಕಿನದಕ್ಕಿಂತ ಎಷ್ಟೋ ಜಾಸ್ತಿ. ಮಾಮೂಲಿ ಮನೆ ವಿಮೆಯಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ, ಬೇರೆಯಾಗಿ ಕೇಳಿ ಹಾಕಿಸಬೇಕು. ಮಲೆನಾಡಿನವರು, ಕರಾವಳಿಯವರು ಸ್ವಲ್ಪ ಹೇಳಿ: ಮಳೆಗಾಲದ ಗೋಡೆಗೆ ನೀವು ಏನಂತೀರಿ? ಜಿನುಗುವುದು, ಒಸರುವುದು ಎರಡೂ ಒಂದೇನಾ? ಒಂದೇ ಆದರೆ ನಾನು ಮೆಟ್ಟಿಲಿನ ಹಾಗೆ ಜೋಡಿಸಿದ ಈ ಪದಗಳ ಸಾಲು ಕುಸಿಯುತ್ತದೆ.

ಅಳತೆಯ ಗಾಜಿಗೆ ಪದ ಸುಲಭವಾಗಿ ಸಿಕ್ಕಿತು. ಟ್ಯಾಂಕಿನ ತಲೆಯ ಮೇಲೆ ಚಿಕ್ಕ ಪಾರದರ್ಶಕ ಮುಚ್ಚಳ, ಅದರೊಳಗೆ ಎಣ್ಣೆಯ ಮಟ್ಟದ ಜೊತೆ ಏರಿ ಇಳಿಯುವ ಕೆಂಪು ಬಿಲ್ಲೆ. ಒಳಗೆ ತೇಲುವುದು 'ಬೆಂಡು', ಬೇರೆ ಹೆಸರು ಯಾಕೆ ಹುಡುಕಬೇಕು? 'ಬಿಲ್ಲೆ ಕಾಲು ಭಾಗಕ್ಕೆ ಇಳಿದರೆ ಎಣ್ಣೆ ತರಿಸಿ' ಅಂತ ಬರೆದೆ.

ಎಣ್ಣೆ ತುಂಬುವಾಗ ಕೇಳುವ ಸದ್ದಿಗೆ ಮಾತ್ರ ಎರಡು ಮನಸ್ಸು. ಹೊರಗಿನ ಪೈಪಿನಿಂದ ಎಣ್ಣೆ ಇಳಿದ ಹಾಗೆ ಒಳಗಿನ ಗಾಳಿ ಇನ್ನೊಂದು ಪೈಪಿನಲ್ಲಿ ಹೊರಗೆ ಹೋಗುತ್ತದೆ, ದಾರಿಯಲ್ಲಿ ಸಿಳ್ಳೆ ಹಾಕುತ್ತದೆ. ಎಣ್ಣೆ ಮೇಲೆ ಬಂದು ಸಿಳ್ಳೆಯ ನಳಿಗೆಯನ್ನು ಮುಚ್ಚಿದಾಗ ಸದ್ದು ನಿಲ್ಲುತ್ತದೆ. ಲಾರಿಯವನು ಅದನ್ನು ಕೇಳಿಕೊಂಡೇ ಪಂಪು ನಿಲ್ಲಿಸುತ್ತಾನೆ. ಶುರುವಿನಲ್ಲೇ ಸದ್ದು ಬರದಿದ್ದರೆ ತುಂಬಿಸುವಂತಿಲ್ಲ. ಕುಕ್ಕರ್ 'ಕೂಗಿದರೆ' ಆಯಿತು ಅಂತ ಅರ್ಥ, ಇಲ್ಲಿ ಕೂಗು ನಿಂತರೆ ಆಯಿತು. ಅಮ್ಮಂದಿರಿಗೆ 'ಕೂಗು' ಥಟ್ಟನೆ ಅರ್ಥವಾಗುತ್ತದೆ, ಆದರೆ ಉಲ್ಟಾ ಅರ್ಥ ಆದೀತು ಅನ್ನುವ ಹೆದರಿಕೆ. 'ಸಿಳ್ಳೆ' ಸಾಕಾ?

ಎಣ್ಣೆ ತುಂಬುವ ಪೈಪಿನ ಬಗ್ಗೆ ಇನ್ನೊಂದು ವಿಷಯ. ಗ್ಯಾಸಿಗೆ ಬದಲಾಯಿಸಿಕೊಂಡು ಟ್ಯಾಂಕನ್ನು ಕಿತ್ತು ಹಾಕಿದವರು ಹೊರಗಿನ ಪೈಪಿನ ಬಾಯಿಯನ್ನು ಹಾಗೇ ಬಿಟ್ಟು, ವಿಳಾಸ ತಪ್ಪಿ ಬಂದ ಲಾರಿ ನೂರಾರು ಗ್ಯಾಲನ್ ಎಣ್ಣೆಯನ್ನು ನೇರ ನೆಲಮಾಳಿಗೆಗೆ ಸುರಿದ ಪ್ರಸಂಗಗಳು ಇಲ್ಲಿ ನಡೆದಿವೆ. ಪೈಪನ್ನೂ ಕಿತ್ತು ತೆಗೆಯಬೇಕು. ಇದಕ್ಕೆ ಪದ ಬೇಕಾಗಿಲ್ಲ, ಹೇಳಬೇಕು ಅನಿಸಿತು ಅಷ್ಟೇ.

ಕಾಂಕ್ರೀಟ್ ಅಡಿಯಲ್ಲಿ ಹೋಗುವ ಎಣ್ಣೆ ಪೈಪಿಗೆ ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಇಲ್ಲದಿದ್ದರೆ ಸೋರಿಕೆ ತಡೆಯುವ ಕವಾಟ ಇರಲೇಬೇಕು ಅಂತ ಇಲ್ಲಿನ ಕಾನೂನು, 2011ರ ಸೆಪ್ಟೆಂಬರ್ 30 ಗಡುವಾಗಿತ್ತು. ಆ ಹೊದಿಕೆಗೆ ಕತ್ತಿಯ 'ಒರೆ' ಹೊಂದುತ್ತದೆ ಅಲ್ವಾ? ಎಣ್ಣೆ ಉರಿಸಿ ಮನೆ ಬೆಚ್ಚಗಿಡುವ ಯಂತ್ರಕ್ಕೆ (ಫರ್ನೇಸ್) ನಿಘಂಟು ಕೊಡುವ 'ಕುಲುಮೆ'ಯನ್ನು ಮಾತ್ರ ಕೈಬಿಟ್ಟೆ. ಮನೆಯೊಳಗೆ ಕಮ್ಮಾರ ಬಂದು ಕೂತ ಹಾಗಾಗುತ್ತದೆ. 'ಬಾಯ್ಲರ್' ಎಲ್ಲರಿಗೂ ಗೊತ್ತು, ಬಚ್ಚಲಲ್ಲಿ ನೋಡಿದ್ದೇ.

ಕೊನೆಯದು, ತಳದಲ್ಲಿ ಕೂರುವ ಕೊಳೆ. ನಮ್ಮ ಕಡೆ 'ಮಡ್ಡಿ' ಅಂತೀವಿ. ಹೊಸ ಎಣ್ಣೆ ಬಿದ್ದಾಗ ಮಡ್ಡಿ ಕದಡುತ್ತದೆ, ಅದಕ್ಕೇ ತುಂಬುವಾಗ ಬಾಯ್ಲರ್ ಆರಿಸಿ, ಮಡ್ಡಿ ಕೂತ ಮೇಲೆ ಹಚ್ಚುವುದು ಒಳ್ಳೆಯದು. ಮಡ್ಡಿ ಮೇಲೆದ್ದು ಫಿಲ್ಟರ್ ಕಟ್ಟಿದರೆ ಬೆಂಕಿ ಆರುತ್ತದೆ. 'ಗಸಿ' ಅನ್ನೋಣ ಅಂದುಕೊಂಡೆ, ಮಂಗಳೂರಿನವರು ಊಟಕ್ಕೆ ಕೂತುಬಿಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಏನಂತಾರೆ? ಚಳಿ ಶುರುವಾಗುವ ಮೊದಲು ಹಾಳೆ ಅಚ್ಚಾಗಬೇಕು, ಈ ವಾರದೊಳಗೆ ಬರೆದರೆ ಉಪಕಾರ.