ಕೆರೆಯಲ್ಲಿ ಯಾರಿಗೂ ಸಿಗದ ದೊಡ್ಡ ಪ್ರಾಣಿ ನಿಜವಾಗಿ ಇರಲು ಸಾಧ್ಯ ಉಂಟಾ?

ಪ್ರಶ್ನೆ: ಮಣಿಪಾಲದ ಅಮ್ಮ

ನಮಸ್ಕಾರ. ನನ್ನ ಮಗ ಆರನೇ ಕ್ಲಾಸ್. ಸ್ಕಾಟ್‌ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ಉಂಟು ಅಂತ ಜನ ಹೇಳುವ ದೊಡ್ಡ ಪ್ರಾಣಿ "ನೆಸ್ಸಿ"ಯ ವಿಡಿಯೋ ನೋಡಿದ ಮೇಲೆ ಅವನಿಗೆ ಅದೇ ಧ್ಯಾನ. ಸಂಜೆ ಮಣ್ಣಪಳ್ಳಕ್ಕೆ ವಾಕಿಂಗ್ ಹೋದರೂ ನೀರನ್ನೇ ನೋಡುತ್ತಾ ನಿಲ್ಲುತ್ತಾನೆ. "ಅದೆಲ್ಲ ಸುಳ್ಳು" ಅಂತ ಬಾಯಿ ಮುಚ್ಚಿಸಲು ನನಗೆ ಮನಸ್ಸಿಲ್ಲ, ಯಾಕಂದ್ರೆ ಅವನ ಹತ್ತಿರ ಒಂದು ವಾದ ಉಂಟು. ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆ 2022ರಲ್ಲಿ ತೀರಿಕೊಂಡಿತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಅಷ್ಟು ಸಣ್ಣ ಕೆರೆಗೇ ಯಾರಿಗೂ ಗೊತ್ತಾಗದ ಹಾಗೆ ಮೊಸಳೆ ಬರುವುದಾದರೆ, ಸುಮಾರು 37 ಕಿಲೋಮೀಟರ್ ಉದ್ದ, 230 ಮೀಟರ್ ಆಳ ಇರುವ ಸರೋವರದಲ್ಲಿ ನೆಸ್ಸಿ ಯಾಕೆ ಇರಬಾರದು ಅಂತ ಕೇಳುತ್ತಾನೆ. ಎಂತ ಹೇಳುವುದು?

ಉತ್ತರ: ಕದ್ರಿ ಓದುಗ

ಮೇಡಂ, ಮೊದಲು ನೆಸ್ಸಿಯದ್ದು ಅಂತ ಎಲ್ಲರೂ ತೋರಿಸುವ ಆ ಉದ್ದ ಕುತ್ತಿಗೆಯ ಫೋಟೋ ವಿಷಯ ಹೇಳಿಬಿಡಿ. 1934ರಲ್ಲಿ ಲಂಡನ್ನಿನ ಡೈಲಿ ಮೇಲ್ ಪತ್ರಿಕೆಯಲ್ಲಿ ಬಂದದ್ದು. ಡಾಕ್ಟರ್ ಒಬ್ಬರು ತೆಗೆದದ್ದು ಅಂತ ಜನ ನಂಬಿದರು. ಅದು ಆಟಿಕೆ ಜಲಾಂತರ್ಗಾಮಿಯ ಮೇಲೆ ಕೂರಿಸಿದ ತಲೆ ಮತ್ತು ಕುತ್ತಿಗೆ. 1994ರ ಹೊತ್ತಿಗೆ ಈ ಸಂಗತಿ ಹೊರಗೆ ಬಂತು. ಇವತ್ತಿಗೂ ವಿಡಿಯೋಗಳಲ್ಲಿ ಅದನ್ನೇ ಸಾಕ್ಷಿ ಅಂತ ತೋರಿಸುತ್ತಾರೆ. ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ.

ಉತ್ತರ: ಮಲ್ಪೆ ಬೋಟಿನವ

ಅಕ್ಕ, ಫೋಟೋ ಸುಳ್ಳಾದ ಮಾತ್ರಕ್ಕೆ ಪ್ರಾಣಿ ಇಲ್ಲ ಅಂತ ಆಗುವುದಿಲ್ಲ. ನಿಮ್ಮ ಮಗ ಕೇಳಿದ್ದು ಒಳ್ಳೆ ಪ್ರಶ್ನೆ, ಅದಕ್ಕೆ ಸರಿಯಾದ ಉತ್ತರವೇ ಸಿಗಬೇಕು.

ನಾನು ಪರ್ಸೀನ್ ಬೋಟಿನಲ್ಲಿ, ಅಂದರೆ ಮೀನಿನ ಹಿಂಡಿಗೆ ಸುತ್ತ ಬಲೆ ಹಾಕಿ ಹಿಡಿಯುವ ಬೋಟಿನಲ್ಲಿ, ಫಿಶ್ ಫೈಂಡರ್ ನೋಡುವವ. ಬೋಟಿನ ಅಡಿಯಿಂದ ಶಬ್ದ ಹೋಗುತ್ತದೆ, ತಾಗಿ ವಾಪಸ್ ಬಂದದ್ದು ಸ್ಕ್ರೀನಿನಲ್ಲಿ ಬಣ್ಣವಾಗಿ ಕಾಣುತ್ತದೆ. ಗಟ್ಟಿಯಾಗಿ ಬಂದರೆ ಕೆಂಪು, ತೆಳುವಾಗಿ ಬಂದರೆ ನೀಲಿ. ಬೂತಾಯಿ ಹಿಂಡು ಬಂದರೆ ಕೆಂಪು ಮುದ್ದೆ ಹಾಗೆ ಏಳುತ್ತದೆ, ಯಾಕಂದ್ರೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಶಬ್ದ ಚೆನ್ನಾಗಿ ತಾಗುತ್ತದೆ. ಗೇಣುದ್ದದ ಮೀನಿನ ಚೀಲವೇ ಅಷ್ಟು ತೋರಿಸುವಾಗ, ಬಸ್ಸಿನಷ್ಟು ದೊಡ್ಡ ಪ್ರಾಣಿಯ ಶ್ವಾಸಕೋಶ ಎಷ್ಟು ತೋರಿಸಬೇಕು ಹೇಳಿ. ಲಾಕ್ ನೆಸ್ಸಿನ ನೀರು ಜೌಗು ಮಣ್ಣು ಬೆರೆತು ಕಂದು ಬಣ್ಣ, ಕಣ್ಣಿಗೆ ಏನೂ ಕಾಣುವುದಿಲ್ಲ ನಿಜ. ನಮ್ಮ ಸ್ವರ್ಣಾ ನದಿಯೂ ಮಳೆಗಾಲದಲ್ಲಿ ಕೆಂಪೇ ಅಲ್ವಾ? ಆದರೆ ಶಬ್ದಕ್ಕೆ ಕೆಸರು ಅಡ್ಡ ಬರುವುದಿಲ್ಲ.

1987ರಲ್ಲಿ ಅಲ್ಲಿ 24 ಬೋಟುಗಳು ಸಾಲಾಗಿ ನಿಂತು, ಇದೇ ತರದ ಸೋನಾರ್ ಹಾಕಿ ಸರೋವರ ಜಾಲಾಡಿದವು. ಎರಡು ಮೂರು ಕಡೆ ಗುರುತು ಸಿಗದ ಏನೋ ಒಂದು ತಾಗಿತು. ಅದು ಪ್ರಾಣಿಯೇ ಅಂತ ತೋರಿಸಲು ಆಗಲಿಲ್ಲ. 2003ರಲ್ಲಿ ಬಿಬಿಸಿಯವರು ಮತ್ತೆ ಸೋನಾರ್ ಹಾಕಿ ಹುಡುಕಿಸಿದರು. ಆಗಲೂ ಇಲ್ಲ.

ಇನ್ನು ಊಟದ ವಿಷಯ. ನನಗೆ ಇದೇ ದೊಡ್ಡ ಪ್ರಶ್ನೆ. ಆ ಇಡೀ ಸರೋವರದಲ್ಲಿ ಸುಮಾರು 20 ಟನ್ ಮೀನು ಉಂಟು ಅಂತ ಲೆಕ್ಕ ಹಾಕಿದ್ದಾರೆ. ಮಾರಾಯ್ರೆ, ಸೀಸನ್‌ನಲ್ಲಿ ಒಂದು ಪರ್ಸೀನ್ ಬೋಟ್ ಒಂದೇ ಬಲೆಗೆ ಅಷ್ಟು ಬೂತಾಯಿ ಎಳೆದದ್ದು ಉಂಟು! ತಿನ್ನುವ ಪ್ರಾಣಿಗಳ ಒಟ್ಟು ತೂಕ ಮೀನಿನ ತೂಕದ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಆದರೆ ಮೀನು ಉಳಿಯುವುದಿಲ್ಲ. ಅಂದರೆ ಎರಡು ಟನ್ನಿನೊಳಗೆ ಒಂದು ಇಡೀ ಸಂಸಾರ ಬದುಕಬೇಕು. ಒಂಟಿ ಪ್ರಾಣಿ ಸಾವಿರ ವರ್ಷ ಬದುಕುವುದಿಲ್ಲವಲ್ಲ, ಗಂಡು, ಹೆಣ್ಣು, ಮರಿ ಎಲ್ಲ ಬೇಕು. ಒಂದಾದರೂ ಸತ್ತು ದಡಕ್ಕೆ ಬರಬೇಕಿತ್ತು.

ಅನಂತಪುರದ ಮೊಸಳೆಯ ವಿಷಯಕ್ಕೂ ಇದೇ ಉತ್ತರ. ಮೊಸಳೆ ನೆಲದಲ್ಲಿ ನಡೆಯುತ್ತದೆ, ಹಾಗಾಗಿ ಬೇರೆ ಕಡೆಯಿಂದ ಬರಲು ಅದಕ್ಕೆ ಸಾಧ್ಯ. ಬಂದ ಮೇಲೆ ಅಡಗಿ ಕೂರಲು ಆಗಲಿಲ್ಲ ನೋಡಿ. ಜನ ನೋಡಿದರು, ಫೋಟೋ ತೆಗೆದರು. ಬಬಿಯಾ ಸತ್ತಾಗ ಊರಿಗೆ ಊರೇ ಬಂದು ನೋಡಿತು.

ಉತ್ತರ: ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ, ಮಂಗಳೂರು

ಇದಕ್ಕೆ ಒಂದು ಸೇರಿಸುತ್ತೇನೆ. 2018ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ನೀಲ್ ಗೆಮೆಲ್ ತಂಡ ಆ ಸರೋವರದ ಬೇರೆ ಬೇರೆ ಕಡೆ, ಬೇರೆ ಬೇರೆ ಆಳದಿಂದ ನೀರು ತೆಗೆದು ಅದರಲ್ಲಿದ್ದ ಡಿಎನ್‌ಎ ಪರೀಕ್ಷೆ ಮಾಡಿತು. ನೀರಲ್ಲಿರುವ ಪ್ರಾಣಿಯ ಚರ್ಮ, ಲೋಳೆ, ಮಲ ಎಲ್ಲ ನೀರಿಗೆ ಸೇರುತ್ತದಲ್ಲ, ಅದರಿಂದ ಯಾರಿದ್ದಾರೆ ಅಂತ ಗೊತ್ತಾಗುತ್ತದೆ. ನೆಸ್ಸಿ ಡೈನೋಸಾರ್ ಕಾಲದ ಸರೀಸೃಪ ಅಂತ ಹೇಳುತ್ತಾರಲ್ಲ, ಆದರೆ ಸರೀಸೃಪದ ಡಿಎನ್‌ಎ ಸಿಗಲಿಲ್ಲ. ಹಾವುಮೀನಿನದ್ದು ಮಾತ್ರ ಎಲ್ಲ ಕಡೆಯೂ ಧಾರಾಳ ಸಿಕ್ಕಿತು. ಹಾಗಾದರೆ ನೆಸ್ಸಿ ಅಂದರೆ ದೊಡ್ಡ ಹಾವುಮೀನಾ ಅಂತ ಕೇಳಿದರೆ, ಹಾವುಮೀನು ಎಷ್ಟು ದೊಡ್ಡದು ಅಂತ ಡಿಎನ್‌ಎ ಹೇಳುವುದಿಲ್ಲ. ಆದರೆ ಆ ಜಾತಿಯದ್ದು ಸಾಮಾನ್ಯವಾಗಿ ಒಂದು ಮೀಟರ್ ದಾಟುವುದೇ ಅಪರೂಪ.

ಆದರೂ ಮಲ್ಪೆ ಅಣ್ಣ, ನಿಮಗೊಂದು ಪ್ರಶ್ನೆ. ಸೀಲಕ್ಯಾಂತ್ ಮೀನು ಡೈನೋಸಾರ್ ಕಾಲಕ್ಕೇ ಮುಗಿದುಹೋಯಿತು ಅಂತ ವಿಜ್ಞಾನಿಗಳೇ ನಂಬಿದ್ದರು. 1938ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಜೀವಂತ ಸಿಕ್ಕಿತಲ್ಲ?

ಉತ್ತರ: ಮಲ್ಪೆ ಬೋಟಿನವ

ಸಿಕ್ಕಿತು ತಂಗಿ, ಅದೂ ಟ್ರಾಲ್ ಬೋಟಿನ ಬಲೆಗೆ! ಮ್ಯೂಸಿಯಂನ ಮಾರ್ಜೊರಿ ಕೋರ್ಟ್‌ನಿ-ಲ್ಯಾಟಿಮರ್ ಮೀನಿನ ರಾಶಿಯಲ್ಲಿ ಅದನ್ನು ನೋಡಿ, ಇದು ಬೇರೆ ಏನೋ ಅಂತ ಎತ್ತಿಟ್ಟರು. ಬಲೆ ಎಳೆಯುವ ನಮಗೆಲ್ಲ ಹೆಮ್ಮೆಯ ಕಥೆ ಅದು. ಆದರೆ ಅದು ಇದ್ದದ್ದು ಕಡಲಲ್ಲಿ. ಕಡಲಿಗೆ ಕೋಟಿಗಟ್ಟಲೆ ವರ್ಷದ ಪ್ರಾಯ, ಓಡಾಡಲು ಎಷ್ಟೂ ಜಾಗ. ಲಾಕ್ ನೆಸ್ ಹಿಮಯುಗದಲ್ಲಿ ಪೂರ್ತಿ ಮಂಜುಗಡ್ಡೆಯ ಅಡಿ ಇತ್ತು, ಕರಗಿ ಸರೋವರ ಆದದ್ದು ಸುಮಾರು 10 ಸಾವಿರ ವರ್ಷದ ಹಿಂದೆ. ನೆಸ್ಸಿಯನ್ನು ಪ್ಲೀಸಿಯೊಸಾರ್, ಅಂದರೆ ಡೈನೋಸಾರ್ ಕಾಲದಲ್ಲಿ ನೀರಲ್ಲಿದ್ದ ಉದ್ದ ಕುತ್ತಿಗೆಯ ಸರೀಸೃಪ, ಅನ್ನುತ್ತಾರಲ್ಲ, ಆ ಜಾತಿ ಮುಗಿದದ್ದು 6.6 ಕೋಟಿ ವರ್ಷದ ಹಿಂದೆ. ನಡುವಿನ ಅಷ್ಟೂ ಕಾಲ ಅದು ಎಲ್ಲಿತ್ತು? ಅದು ಗಾಳಿ ಉಸಿರಾಡುವ ಪ್ರಾಣಿ ಬೇರೆ. ಪ್ರತಿ ದಿನ ಎಷ್ಟೋ ಸಲ ತಲೆ ಮೇಲೆತ್ತಲೇಬೇಕು. ಹಾಗಾಗಿ ನನ್ನ ಮಟ್ಟಿಗೆ ಕೆರೆಯಲ್ಲಿ ಇಲ್ಲ, ಕಡಲಲ್ಲಿ ನಾವು ಕಾಣದ್ದು ಇನ್ನೂ ಉಂಟು.

ಅಕ್ಕ, ಈಗ ಟ್ರಾಲಿಂಗ್ ನಿಷೇಧ, ಬೋಟೆಲ್ಲ ಬಂದರಿನಲ್ಲೇ ಕಟ್ಟಿದೆ. ಮಗನನ್ನು ಕರ್ಕೊಂಡು ಬನ್ನಿ, ಫೈಂಡರ್ ಆನ್ ಮಾಡಿ ತೋರಿಸುತ್ತೇನೆ. ಜುಲೈ 31ರ ಒಳಗೆ ಬಂದರೆ ಒಳ್ಳೆಯದು, ಆಮೇಲೆ ನಾವು ಕಡಲಿಗೆ ಹೋಗಿರುತ್ತೇವೆ.