ಇಂಗ್ಲೆಂಡಿನ ಜಿಪಿ: ಸ್ಕ್ಯಾನ್ ನೇರವಾಗಿ ಬರೆಯೋದು ಊರಿಗೊಂದು ಥರ ಯಾಕೆ?

ತುಂಗಾತೀರ: ಜಿಪಿ (ಕುಟುಂಬ ವೈದ್ಯ) ತರಬೇತಿ ಮುಗೀತಾ ಬಂತು, ಬೇರೆ ಐಸಿಬಿ (ಆಯಾ ಪ್ರದೇಶದ ಆರೋಗ್ಯ ಸೇವೆಗೆ ದುಡ್ಡು ಹಂಚುವ ಮಂಡಳಿ) ವ್ಯಾಪ್ತಿಯ ಸರ್ಜರಿಗೆ, ಅಂದ್ರೆ ಜಿಪಿ ಕ್ಲಿನಿಕ್ಕಿಗೆ, ಸೇರುವವನಿದ್ದೇನೆ. ಇಲ್ಲಿ ಮಂಡಿಯ ಎಂಆರ್‌ಐ ನಾವೇ ಐಸ್ ಅನ್ನೋ ಪರೀಕ್ಷೆ ಕೋರುವ ಸಾಫ್ಟ್‌ವೇರ್‌ನಲ್ಲಿ ಬರೆಯಬಹುದು. ಅಲ್ಲಿ ಪಟ್ಟಿಯಲ್ಲೇ ಇಲ್ಲವಂತೆ, ಎಂಎಸ್‌ಕೆ (ಮೂಳೆ, ಕೀಲು, ಸ್ನಾಯು) ಕ್ಲಿನಿಕ್ಕಿಗೆ ಕಳಿಸಬೇಕಂತೆ. ಎನ್‌ಎಚ್‌ಎಸ್ ಅನ್ನೋ ಸರ್ಕಾರಿ ಆರೋಗ್ಯ ಸೇವೆ ಒಂದೇ ಅಲ್ವಾ? ಸೇರುವ ಮೊದಲು ಏನೇನು ವಿಚಾರಿಸಬೇಕು?

ಹಳೇ ಜಿಪಿ: ಹೆಸರು ಒಂದೇ, ದುಡ್ಡಿನ ಚೀಲ ಬೇರೆ ಬೇರೆ. 2022ರ ಜುಲೈನಲ್ಲಿ ಇದೇ ಕೆಲಸ ಮಾಡುತ್ತಿದ್ದ ಸಿಸಿಜಿಗಳು ಹೋಗಿ 42 ಐಸಿಬಿಗಳು ಬಂದವು, ಆದರೆ ಆಸ್ಪತ್ರೆಗಳ ಜೊತೆಗಿದ್ದ ಹಳೇ ಒಪ್ಪಂದಗಳು ಹಾಗೇ ಮುಂದುವರಿದವು. ಹಾಗಾಗಿ ಒಂದೇ ಐಸಿಬಿಯೊಳಗೂ ಪಕ್ಕದೂರಿಗೆ ಬೇರೆ ನಿಯಮ ಇರುತ್ತೆ.

ಮಂಡಿಯ ವಿಷಯದಲ್ಲಿ ಬಾಗಿಲು ಹಾಕಿದ್ದಕ್ಕೆ ಅರ್ಥವಿದೆ. ನಡುವಯಸ್ಸು ದಾಟಿದವರಲ್ಲಿ ನೋವೇ ಇಲ್ಲದಿದ್ದರೂ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಹರಿದಿರುವುದು ಸ್ಕ್ಯಾನಿನಲ್ಲಿ ಕಾಣುತ್ತೆ. ವರದಿ ನೋಡಿ ರೋಗಿ ಗಾಬರಿ, ಆಮೇಲೆ ಆರ್ಥೋಗೆ (ಮೂಳೆ ವಿಭಾಗಕ್ಕೆ) ರೆಫರಲ್, ಬೇಡದ ಆರ್ಥ್ರೋಸ್ಕೋಪಿ (ಕೀಲಿನೊಳಗೆ ಕ್ಯಾಮೆರಾ ಹಾಕಿ ಮಾಡುವ ಶಸ್ತ್ರಚಿಕಿತ್ಸೆ). ಎಂಎಸ್‌ಕೆ ಫಿಸಿಯೋ ಮೊದಲು ಕೈಯಿಟ್ಟು ನೋಡಲಿ ಅಂತ ಈ ಏರ್ಪಾಡು. ಆದರೆ ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದ್ದರೆ, ಗುದದ ಸುತ್ತ ಜೋಮು ಹಿಡಿದಿದ್ದರೆ ಯಾವ ಪಟ್ಟಿಯನ್ನೂ ನೋಡಬೇಡಿ, ಅವತ್ತೇ ಎಮರ್ಜೆನ್ಸಿಗೆ ಕಳಿಸಿ.

ರೇಡಿಯಾಲಜಿ ಮೂಲೆ: ಕ್ಯಾನ್ಸರ್ ಅನುಮಾನದ ದಾರಿಗಳನ್ನೇ ಮೊದಲು ವಿಚಾರಿಸಿ. 60 ತುಂಬಿದವರು ತೂಕ ಇಳಿದು, ಜೊತೆಗೆ ಬೆನ್ನುನೋವೋ ಹೊಸದಾಗಿ ಸಕ್ಕರೆ ಕಾಯಿಲೆಯೋ ಬಂದಿದ್ದರೆ ಎರಡು ವಾರದೊಳಗೆ ನೇರ ಸಿಟಿ ಯೋಚಿಸಿ ಅನ್ನುತ್ತೆ ನೈಸ್ ಸಂಸ್ಥೆಯ ಕ್ಯಾನ್ಸರ್ ರೆಫರಲ್ ಮಾರ್ಗಸೂಚಿ ಎನ್‌ಜಿ12. 2022ರ ನವೆಂಬರ್‌ನಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ಕೂಡ ಜಿಪಿಗಳಿಗೆ ನೇರ ಸ್ಕ್ಯಾನ್ ಘೋಷಿಸಿತು. ಕಾಗದದ ಮೇಲೆ ಹೀಗಿದ್ದರೂ ನಿಮ್ಮ ಟ್ರಸ್ಟ್ (ಆಸ್ಪತ್ರೆ ನಡೆಸುವ ಸಂಸ್ಥೆ) ಸ್ಲಾಟ್ ಇಟ್ಟಿದೆಯೋ, ಬೇರೆ ಕ್ಲಿನಿಕ್ಕಿಗೆ ತಿರುಗಿಸುತ್ತೋ ಅನ್ನೋದನ್ನ ಕೇಳಿಯೇ ತಿಳಿಯಬೇಕು. ಕರುಳಿನ ಅನುಮಾನಕ್ಕೆ ಫಿಟ್ (ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ) ಪರೀಕ್ಷೆ ಮಾಡಿಸಿ, ಮಲದ ಗ್ರಾಂಗೆ ಹಿಮೋಗ್ಲೋಬಿನ್ 10 ಮೈಕ್ರೋಗ್ರಾಂ ಅಥವಾ ಮೇಲಿದ್ದರೆ ಕಳಿಸಿ. ಫಲಿತಾಂಶ ಲಗತ್ತಿಸದಿದ್ದರೆ ಎಷ್ಟೋ ಕಡೆ ರೆಫರಲ್ ವಾಪಸ್ ಬರುತ್ತೆ.

ಫಾರಂ ತಿರಸ್ಕಾರವಾಗೋದು ಬಹುಪಾಲು ಬರೆದ ರೀತಿಗೆ. ‘ಹೊಟ್ಟೆನೋವು, ಕಾರಣ?’ ಅಂತಷ್ಟೇ ಗೀಚಿದರೆ ವಿಕಿರಣದ ಪರೀಕ್ಷೆಗೆ ಸಮರ್ಥನೆ ಸಾಲದು. ಎಷ್ಟು ದಿನದಿಂದ, ಎಷ್ಟು ಕೆಜಿ ಇಳಿಕೆ, ಯಾವುದನ್ನು ಹುಡುಕಬೇಕು ಅಂತ ಬರೆಯಿರಿ. ಕಾಂಟ್ರಾಸ್ಟ್ (ಬಣ್ಣದ್ರವ ಚುಚ್ಚಿ ಮಾಡುವ) ಸಿಟಿಗೆ ಕಿಡ್ನಿಯ ಕೆಲಸ ತೋರಿಸುವ ಇತ್ತೀಚಿನ ಇಜಿಎಫ್‌ಆರ್, ಎಂಆರ್‌ಐಗೆ ಪೇಸ್‌ಮೇಕರ್ ಮಾಹಿತಿ ಬೇಕೇ ಬೇಕು.

ತುಂಗಾತೀರ: ಥ್ಯಾಂಕ್ಸ್ ಸರ್. ಮುಂದೆ ಸ್ಕಾಟ್ಲೆಂಡಿಗೆ ಹೋದರೆ ಇದೇ ಪಟ್ಟಿ ನಡೆಯುತ್ತಾ?

ಹಳೇ ಜಿಪಿ: ಇಲ್ಲ. ಅಲ್ಲಿ ಐಸಿಬಿಯೇ ಇಲ್ಲ, 14 ಪ್ರಾದೇಶಿಕ ಹೆಲ್ತ್ ಬೋರ್ಡ್‌ಗಳಿವೆ. ರೆಫರಲ್ ಎಸ್‌ಸಿಐ ಗೇಟ್‌ವೇ ಅನ್ನೋ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಹೋಗುತ್ತೆ. ಎಲ್ಲಿಗೇ ಹೋಗಿ, ನೀವು ರಜೆಯಲ್ಲಿದ್ದಾಗ ನೀವು ಬರೆದ ಸ್ಕ್ಯಾನಿನ ವರದಿ ಯಾರ ಇನ್‌ಬಾಕ್ಸಿಗೆ ಬೀಳುತ್ತೆ ಅಂತ ಪ್ರ್ಯಾಕ್ಟಿಸ್ ಮ್ಯಾನೇಜರ್‌ನ ಕೇಳಿಕೊಳ್ಳಿ. ನೇರವಾಗಿ ಬರೆದ ಪರೀಕ್ಷೆಯ ಬೆನ್ನು ಹತ್ತುವ ಹೊಣೆಯೂ ಬರೆದವರದೇ.