ಸೀಡ್ ಫ್ರೇಸ್ ಸ್ಟೀಲ್ ಮೇಲೆ ಕುಟ್ಟಿ ಇಡಬೇಕು: ತಗಡೋ, ವಾಷರೋ?

ಕರಾವಳಿ_ನೋಡ್:
ಹಾರ್ಡ್‌ವೇರ್ ವಾಲೆಟ್ (ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣದ ಕೀಲಿ ಕಾಯುವ ಸಾಧನ) ಕೊಟ್ಟ 24 ಪದಗಳ ಸೀಡ್ ಫ್ರೇಸ್, ಅಂದರೆ ಸಾಧನ ಕೆಟ್ಟರೂ ವಾಲೆಟ್ ಮರಳಿ ಪಡೆಯುವ ಗುಟ್ಟಿನ ಪದಸಾಲು, ಸದ್ಯ ಕಾಗದದ ಮೇಲಿದೆ. ಮನೆ ಉಡುಪಿಯ ಕಡಲ ಹತ್ತಿರ, ಮಳೆಗಾಲದಲ್ಲಿ ಕಪಾಟಿನೊಳಗೂ ತೇವ. ಅಲ್ಯೂಮಿನಿಯಂ ತಗಡಿನ ಮೇಲೆ ಕುಟ್ಟಿದರೆ ಸಾಕೇ? ಲೇಸರ್ ಅಂಗಡಿಯಲ್ಲಿ ಕೆತ್ತಿಸಬಹುದೇ?

ಸುತ್ತಿಗೆ_304:
ಅಂಗಡಿ ಬೇಡವೇ ಬೇಡ. ಕೆತ್ತಲು ಪದಗಳನ್ನು ಅವರ ಕಂಪ್ಯೂಟರಿಗೆ ಹಾಕಲೇಬೇಕು. ಅಲ್ಲಿಗೆ ಗುಟ್ಟು ಮುಗಿಯಿತು. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಮನೆಗೆ ಬೆಂಕಿ ಬಿದ್ದರೆ ಶಾಖ ಅದನ್ನು ದಾಟಬಹುದು. ಸ್ಟೇನ್‌ಲೆಸ್ ಸ್ಟೀಲ್ ಕರಗಲು ಸುಮಾರು 1400 ಡಿಗ್ರಿ ಬೇಕು.

ತಗಡಿಗಿಂತ ವಾಷರ್ ಮೇಲು: ಒಂದೊಂದರ ಮೇಲೆ ಒಂದು ಪದ ಕುಟ್ಟಿ, ಎಲ್ಲವನ್ನೂ ಬೋಲ್ಟ್‌ಗೆ ಪೋಣಿಸುವುದು. ತಗಡಿನಲ್ಲಿ ಇಪ್ಪತ್ತನೇ ಪದ ಕೆಟ್ಟರೆ ಇಡೀ ತಗಡು ಹಾಳು. ವಾಷರಾದರೆ ಒಂದೇ ಬದಲಿಸಿದರಾಯಿತು. ಎಂ8 ಅಗಲ ವಾಷರ್ ಕೇಳಿ: ಹೊರ ಅಳತೆ 24 ಮಿ.ಮೀ., ದಪ್ಪ 2 ಮಿ.ಮೀ. ಪದಗಳಿಗೆ 24, ಮೇಲೆ ಕೆಳಗೆ ಖಾಲಿ 2, ಅಭ್ಯಾಸಕ್ಕೆ ಹತ್ತು ಹೆಚ್ಚಿಗೆ ಇರಲಿ. ಎಂ8, 70 ಮಿ.ಮೀ. ಉದ್ದದ ಬೋಲ್ಟ್ ಸರಿಹೋಗುತ್ತದೆ. 3 ಮಿ.ಮೀ. ಅಕ್ಷರದ ಪಂಚ್ ಸೆಟ್, ಅಂಕಿ ಸೆಟ್, ಒಂದು ಕೆ.ಜಿ. ಸುತ್ತಿಗೆ, ಕೆಳಗೆ ರೈಲು ಕಂಬಿಯ ತುಂಡು. ಮರದ ಮೇಜಿನ ಮೇಲೆ ಕುಟ್ಟಿದರೆ ಏಟು ಮರಕ್ಕೇ ಹೋಗುತ್ತದೆ, ಅಕ್ಷರ ಇಳಿಯುವುದಿಲ್ಲ. ಪಂಚ್ ನೆಟ್ಟಗೆ ಹಿಡಿದು ಒಂದೇ ಗಟ್ಟಿ ಏಟು ಹಾಕಿ. ಎರಡನೇ ಏಟಿಗೆ ಪಂಚ್ ಸರಿದು ಅಕ್ಷರ ಜೋಡಿಯಾಗಿ ಮೂಡುತ್ತದೆ. ಉಗುರು ಆಡಿಸಿದರೆ ತಡೆಯುವಷ್ಟು ಆಳ ಬೇಕು. ಅಗ್ಗದ ಪಂಚ್‌ಗಳ ತುದಿ ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಕಡ್ಡಾಯ.

ಪದ ಪೂರ್ತಿ ಬೇಕಿಲ್ಲ. ವಾಲೆಟ್‌ಗಳು ಪದ ಆರಿಸುವ ಬಿಐಪಿ39 ಪಟ್ಟಿಯ 2048 ಇಂಗ್ಲಿಷ್ ಪದಗಳಲ್ಲಿ ಮೊದಲ ನಾಲ್ಕು ಅಕ್ಷರ ಒಂದರಂತೆ ಇನ್ನೊಂದಿಲ್ಲ. ತೊಡಕು ಮೂರಕ್ಷರದ ಪದಗಳಲ್ಲಿ. ‘ಆಕ್ಟ್’ ಎಂದು ಕುಟ್ಟಿದ್ದನ್ನು ಮುಂದೆ ಓದುವವರು ‘ಆಕ್ಟರ್’ ಅಥವಾ ‘ಆಕ್ಷನ್’ನ ನಾಲ್ಕನೇ ಅಕ್ಷರ ಬಿಟ್ಟುಹೋಗಿದೆ ಎಂದುಕೊಂಡಾರು. 27 ಪಂಚ್‌ಗಳ ಸೆಟ್‌ನಲ್ಲಿ ‘&’ ಗುರುತು ಇರುತ್ತದೆ; ಅಂಥ ಪದದ ಕೊನೆಗೆ ಅದನ್ನು ಒತ್ತಿ.

ಪದಕ್ಕೆ ಮೊದಲು 01ರಿಂದ 24ರವರೆಗಿನ ಸಂಖ್ಯೆ ಇರಲೇಬೇಕು. ಬೋಲ್ಟ್ ಬಿಚ್ಚಿ ವಾಷರ್‌ಗಳು ಚೆಲ್ಲಿದರೆ ಸಂಖ್ಯೆಯಿಲ್ಲದೆ ಕ್ರಮ ಸಿಗದು. ಅಕ್ಷರ, ಅಂಕಿ ಎಲ್ಲದರ ಬುಡವೂ ರಂಧ್ರದ ಕಡೆಗೇ ಇರಲಿ. ಅಂಕಿ ಸೆಟ್‌ನಲ್ಲಿ 9ಕ್ಕೆ ಬೇರೆ ಪಂಚ್ ಇರುವುದಿಲ್ಲ, 6ನ್ನೇ ತಿರುಗಿಸಬೇಕು. ಎಲ್ಲವೂ ಒಂದೇ ಮುಖದಲ್ಲಿರಲಿ. ಹಿಂದೆ ಕುಟ್ಟಿದರೆ ಮುಂದಿನದು ಮಂಕಾಗುತ್ತದೆ.

ಉಪ್ಪುಗಾಳಿ:
ಕಡಲ ತೀರಕ್ಕೆ 304 ಗ್ರೇಡ್‌ನ ಸ್ಟೇನ್‌ಲೆಸ್ ಸಾಲದು, 316 ತನ್ನಿ. ಅದರಲ್ಲಿ 2-3% ಮಾಲಿಬ್ಡಿನಂ ಇರುವುದರಿಂದ ಉಪ್ಪಿಗೆ ತಡೆಯುತ್ತದೆ. ಎಸ್‌ಎಸ್ ಎಂದು ಕೆಳ ಗ್ರೇಡ್‌ನ 202 ಕೊಟ್ಟಾರು. ಅಯಸ್ಕಾಂತ ಹಿಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಗ್ರೇಡ್ ಅನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಒತ್ತಿ ಕಟ್ಟಿದ ವಾಷರ್‌ಗಳ ಸಂದಿಯಲ್ಲಿ ಉಪ್ಪುನೀರು ನಿಂತರೆ ಅಲ್ಲಿಂದಲೇ ತುಕ್ಕು ಶುರು. ಕುಟ್ಟಿದ ಮೇಲೆ ಸೋಪಿನ ನೀರಿನಲ್ಲಿ ತೊಳೆದು, ಕಂಬಿಯಿಂದ ಅಂಟಿದ ಕಬ್ಬಿಣದ ಪುಡಿ ಹೋಗಿದೆಯೇ ನೋಡಿ, ಪೂರ್ತಿ ಒಣಗಿಸಿ ಸೀಲ್ ಮಾಡಿ. ಸ್ಟೇನ್‌ಲೆಸ್ ನಟ್ಟನ್ನು ಸ್ಟೇನ್‌ಲೆಸ್ ಬೋಲ್ಟ್‌ಗೆ ಜೋರಾಗಿ ಬಿಗಿದರೆ ತಿರುಪಿನ ಎಳೆಗಳು (ಥ್ರೆಡ್) ಕಚ್ಚಿಕೊಂಡು ಬಿಚ್ಚಲಾಗದು. ಸ್ವಲ್ಪ ಗ್ರೀಸ್ ಸವರಿ, ಕೈಬಿಗಿ ಸಾಕು.

ಕರಾವಳಿ_ನೋಡ್:
ಉಪಕಾರವಾಯಿತು. ಇನ್ನೊಂದು ವಾಲೆಟ್‌ನಲ್ಲಿ 12 ಪದಗಳಿವೆ. ಆರಾರು ಪದ ಎರಡು ಮನೆಗಳಲ್ಲಿ ಇಟ್ಟರೆ ಕಳ್ಳತನದ ಭಯ ಕಡಿಮೆಯಲ್ಲವೇ?

ಚೆಕ್‌ಸಮ್:
ಹಾಗೆ ಮಾಡಬೇಡಿ. ಒಂದು ಪದಕ್ಕೆ 11 ಬಿಟ್ (0 ಅಥವಾ 1ರ ಅಂಕಿ). ಆರು ಪದ ಕಳ್ಳನ ಕೈಸೇರಿದರೆ ಉಳಿದ 66 ಬಿಟ್‌ಗಳಲ್ಲಿ 4 ಚೆಕ್‌ಸಮ್ (ಪದಗಳಲ್ಲಿ ತಪ್ಪಿದೆಯೇ ಎಂದು ತಾಳೆ ನೋಡುವ ಬಿಟ್‌ಗಳು); ಅವನು ಹುಡುಕಬೇಕಾದದ್ದು 62 ಬಿಟ್ ಮಾತ್ರ. ದೊಡ್ಡ ಮೊತ್ತವಿದ್ದರೆ ಅದಕ್ಕೆ ಕೈಹಾಕುವವರು ಇರಬಹುದು. ಇತ್ತ ಒಂದು ಅರ್ಧ ಕಳೆದರೆ ನಿಮಗೂ ವಾಲೆಟ್ ಇಲ್ಲ. ಹಂಚಿಡಲೇಬೇಕೆಂದರೆ ಮಲ್ಟಿಸಿಗ್ (ಹಣ ಕಳಿಸಲು ಒಂದಕ್ಕಿಂತ ಹೆಚ್ಚು ಕೀಲಿಗಳ ಸಹಿ ಬೇಕಾಗುವ ಏರ್ಪಾಡು), ಇಲ್ಲವೇ ವಾಲೆಟ್ ಬೆಂಬಲಿಸಿದರೆ ಸ್ಲಿಪ್39 (ಗುಟ್ಟನ್ನು ಪಾಲುಗಳಾಗಿ ಹಂಚಿ, ಗೊತ್ತುಮಾಡಿದಷ್ಟು ಪಾಲು ಸೇರಿದರೆ ಮಾತ್ರ ತೆರೆಯುವ ವಿಧಾನ). ಪಾಸ್‌ಫ್ರೇಸ್ (ಪದಗಳ ಜೊತೆಗೆ ನೀವೇ ಸೇರಿಸುವ ಹೆಚ್ಚುವರಿ ಗುಪ್ತಪದ) ಇಟ್ಟಿದ್ದರೆ ಅದನ್ನೂ ಬೇರೊಂದು ಲೋಹದ ತುಂಡಿನ ಮೇಲೆ ಕುಟ್ಟಿ, ಬೇರೆ ಜಾಗದಲ್ಲಿಡಿ. ಅದರಲ್ಲಿ ಒಂದಕ್ಷರ ತಪ್ಪಿದರೂ ವಾಲೆಟ್ ದೋಷ ತೋರಿಸುವುದಿಲ್ಲ, ಇನ್ನೊಂದು ಖಾಲಿ ವಾಲೆಟ್ ತೆರೆಯುತ್ತದೆ ಅಷ್ಟೇ.

ಕುಟ್ಟಿದ ಮೇಲೆ ಪರೀಕ್ಷೆ ಬಿಡಬೇಡಿ. ಹಣ ಪಡೆಯಲು ವಾಲೆಟ್ ತೋರಿಸುವ ಮೊದಲ ವಿಳಾಸವನ್ನು ಬರೆದುಕೊಳ್ಳಿ. ವಾಲೆಟ್‌ನಲ್ಲಿ ಹಣವಿದ್ದರೆ ಬೇರೆ ಕಡೆ ವರ್ಗಾಯಿಸಿ, ಸಾಧನವನ್ನು ಅಳಿಸಿ, ಕಾಗದ ಬದಿಗಿಟ್ಟು ವಾಷರ್‌ಗಳನ್ನೇ ಓದಿ ಪದ ತುಂಬಿ. ಸಾಧನ ಪದಗಳನ್ನು ಒಪ್ಪಿಕೊಂಡ ಮಾತ್ರಕ್ಕೆ ನಂಬಬಾರದು: 12 ಪದಗಳಲ್ಲಿ ಒಂದು ತಪ್ಪಿದ್ದರೂ 16ರಲ್ಲಿ ಒಂದು ಸಲ ಚೆಕ್‌ಸಮ್ ದಾಟುತ್ತದೆ, 24 ಪದಗಳಲ್ಲಿ 256ರಲ್ಲಿ ಒಂದು ಸಲ. ಬರೆದುಕೊಂಡ ವಿಳಾಸವೇ ಮತ್ತೆ ಬಂದರೆ ಮಾತ್ರ ಸರಿ. ಆಮೇಲೆ ಹಣ ಹಾಕಿ, ಕಾಗದ ಸುಡಿ. ಈ ಕೆಲಸವೆಲ್ಲ ಮುಗಿಯುವ ತನಕ ಫೋನ್ ಬೇರೆ ಕೋಣೆಯಲ್ಲಿರಲಿ.